ಆರು–ಸೊನ್ನೆ: ದೊಡ್ಡವರ ಅಂಗಳದಲ್ಲಿ ಸಣ್ಣ ಕಾಲೇಜುಗಳು

ಅಮೆರಿಕದ ಕೆಂಟಕಿ ರಾಜ್ಯದಲ್ಲಿ ಡ್ಯಾನ್‌ವಿಲ್ ಎಂಬ ಪುಟ್ಟ ಊರಿದೆ. 1921ರ ಅಕ್ಟೋಬರ್ ಕೊನೆಯಲ್ಲಿ ಆ ಊರಿನ ಗೋಡೆಗಳ ಮೇಲೆ ಒಂದು ವಿಚಿತ್ರ ರಾಸಾಯನಿಕ ಸೂತ್ರ ಕಾಣಿಸಿಕೊಂಡಿತು: ‘ಸಿ-6 ಎಚ್-0’. ಇಂಗಾಲದ ಪರಮಾಣು ಆರು, ಜಲಜನಕದ್ದು ಸೊನ್ನೆ. ಆರು ಇಂಗಾಲಕ್ಕೆ ಆರು ಜಲಜನಕ ಸೇರಿದರೆ ಬೆಂಜೀನ್ ಆಗುತ್ತದೆ ಎಂದು ಪಿಯುಸಿ ವಿದ್ಯಾರ್ಥಿಯೂ ಹೇಳಬಲ್ಲ. ಜಲಜನಕವೇ ಇಲ್ಲದ ಈ ಸೂತ್ರವನ್ನು ಯಾವ ರಸಾಯನಶಾಸ್ತ್ರದ ಮೇಷ್ಟ್ರೂ ಒಪ್ಪಲಾರರು. ಬರೆದವರಿಗೂ ಅದು ಗೊತ್ತಿತ್ತು. ಅವರ ಲೆಕ್ಕದಲ್ಲಿ ‘ಸಿ’ ಎಂದರೆ ಸೆಂಟರ್ ಕಾಲೇಜು, ‘ಎಚ್’ ಎಂದರೆ ಹಾರ್ವರ್ಡ್ ವಿಶ್ವವಿದ್ಯಾಲಯ. ಅಸಾಧ್ಯವಾದದ್ದು ಸಾಧ್ಯವಾಗಿದೆ ಎಂದು ಸಾರುವುದಕ್ಕೆ ಅವರು ಅಸಾಧ್ಯವಾದ ಸೂತ್ರವನ್ನೇ ಆರಿಸಿಕೊಂಡಿದ್ದರು.

ಅಕ್ಟೋಬರ್ 29ರಂದು, ಮುನ್ನೂರರ ಆಸುಪಾಸು ವಿದ್ಯಾರ್ಥಿಗಳಿದ್ದ ಸೆಂಟರ್ ಕಾಲೇಜಿನ ಫುಟ್‌ಬಾಲ್ ತಂಡ ಹಾರ್ವರ್ಡನ್ನು ಅದರದೇ ಕ್ರೀಡಾಂಗಣದಲ್ಲಿ, ನಲವತ್ತು ಸಾವಿರಕ್ಕೂ ಹೆಚ್ಚು ಜನರ ಎದುರು 6–0 ಅಂತರದಿಂದ ಸೋಲಿಸಿತು. 1950ರಲ್ಲಿ ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆ ಕ್ರೀಡಾ ಬರಹಗಾರರ ಅಭಿಪ್ರಾಯ ಕೇಳಿದಾಗ, ಶತಮಾನದ ಮೊದಲರ್ಧದಲ್ಲಿ ಫುಟ್‌ಬಾಲ್‌ನ ಅತ್ಯಂತ ಅನಿರೀಕ್ಷಿತ ಫಲಿತಾಂಶವೆಂದು ಆಯ್ಕೆಯಾದದ್ದು ಇದೇ ಪಂದ್ಯ.

ಇಂಥ ಕಥೆಗಳು ಎಲ್ಲ ದೇಶಗಳಲ್ಲೂ ಇವೆ. ಬರಿಗಾಲಿನ ಮೋಹನ್ ಬಾಗಾನ್ 1911ರ ಜುಲೈ 29ರಂದು ಈಸ್ಟ್ ಯಾರ್ಕ್‌ಷೈರ್ ರೆಜಿಮೆಂಟ್‌ನ ಗೋರಾ ಸಿಪಾಯಿಗಳನ್ನು 2–1ರಿಂದ ಸೋಲಿಸಿ ಐಎಫ್‌ಎ ಶೀಲ್ಡ್ ಗೆದ್ದದ್ದು ನಮ್ಮಲ್ಲಿ ಇಂದಿಗೂ ನೆನೆಯುವ ಸಂಗತಿ. ಆದರೆ ಅಮೆರಿಕದ ಕಾಲೇಜು ಫುಟ್‌ಬಾಲ್‌ನಲ್ಲಿ ಸಣ್ಣವರು ದೊಡ್ಡವರ ಮನೆಗೆ ಹೋಗಿ ಆಡುವುದು ಆಕಸ್ಮಿಕವಾಗಿರಲಿಲ್ಲ, ಅದೊಂದು ವ್ಯವಸ್ಥೆಯೇ ಆಗಿತ್ತು. ಆ ವ್ಯವಸ್ಥೆಯಲ್ಲಿ ಸಣ್ಣವರು ಸೋಲಬೇಕು ಎಂಬುದು ಬಾಯಿಬಿಟ್ಟು ಹೇಳದ ಕರಾರು. ಕೆಲವರು ಅದನ್ನು ಮುರಿದರು.

ಆಟವೂ ಅದರ ಯಜಮಾನರೂ

ಇಲ್ಲಿ ಫುಟ್‌ಬಾಲ್ ಎಂದರೆ ನಮ್ಮೂರ ಬಯಲಿನಲ್ಲಿ ಕಾಲಿನಿಂದ ಒದ್ದು ಆಡುವ ಆಟವಲ್ಲ. ಮೊಟ್ಟೆಯಾಕಾರದ ಚೆಂಡನ್ನು ಎದೆಗವಚಿಕೊಂಡು ಓಡುವ, ಓಡುವವನನ್ನು ಹಿಡಿದು ನೆಲಕ್ಕೆ ಕೆಡಹುವ ಆಟ. ಬೇಕಾದರೆ ಅರ್ಧ ಕಬಡ್ಡಿ, ಅರ್ಧ ಕುಸ್ತಿ ಎನ್ನಬಹುದು. ಕಡೆಗೆ ಹನ್ನೊಂದು ಮಂದಿ. ಎದುರಾಳಿಯ ಕೊನೆಯ ಗೆರೆ ದಾಟಿ ಚೆಂಡು ಒಯ್ದರೆ ‘ಟಚ್‌ಡೌನ್’. ಅದಕ್ಕೆ 1912ರಿಂದ ಆರು ಅಂಕ, ಅದಕ್ಕೂ ಮೊದಲು ಐದು. ಚೆಂಡನ್ನು ಕಂಬಗಳ ನಡುವೆ ಒದ್ದು ದಾಟಿಸಿದರೆ ಮೂರು.

ಕಾಲೇಜುಗಳ ನಡುವಿನ ಮೊದಲ ಪಂದ್ಯ ನಡೆದದ್ದು 1869ರ ನವೆಂಬರ್ 6ರಂದು, ರಟ್ಗರ್ಸ್ ಮತ್ತು ಪ್ರಿನ್ಸ್‌ಟನ್ ನಡುವೆ. ಅದಕ್ಕೆ ಇಂದಿನ ರೂಪ ಕೊಟ್ಟವರು ಯೇಲ್ ವಿಶ್ವವಿದ್ಯಾಲಯದ ವಾಲ್ಟರ್ ಕ್ಯಾಂಪ್. 1880 ಮತ್ತು 1882ರಲ್ಲಿ ಅವರು ತಂದ ನಿಯಮಗಳಿಂದ ರಗ್ಬಿಯ ಗುಂಪುನೂಕಾಟ ಹೋಗಿ, ಇಷ್ಟು ಯತ್ನಗಳಲ್ಲಿ ಇಷ್ಟು ಗಜ ಮುಂದೆ ಸಾಗಬೇಕೆಂಬ ಲೆಕ್ಕಾಚಾರದ ಆಟ ಬಂತು. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್ ಈ ಮೂವರೇ ಆಟದ ಯಜಮಾನರು. ನಿಯಮ ಬರೆಯುವವರು ಅವರು, ಅಂಪೈರ್‌ಗಳನ್ನು ಒದಗಿಸುವವರೂ ಬಹುಮಟ್ಟಿಗೆ ಅವರೇ. ದೇಶದ ಅತ್ಯುತ್ತಮ ಹನ್ನೊಂದು ಮಂದಿ ಯಾರೆಂದು ವರ್ಷವರ್ಷವೂ ಪಟ್ಟಿ ಪ್ರಕಟಿಸುತ್ತಿದ್ದವರೂ ಇದೇ ಕ್ಯಾಂಪ್ ಸಾಹೇಬರು. ದಕ್ಷಿಣದ ಅಥವಾ ಮಧ್ಯಪಶ್ಚಿಮದ ಹುಡುಗ ಎಷ್ಟೇ ಚೆನ್ನಾಗಿ ಆಡಲಿ, ಪೂರ್ವದ ಪತ್ರಿಕೆಗಳ ಕಣ್ಣಿಗೆ ಬೀಳಬೇಕಾದರೆ ಪೂರ್ವಕ್ಕೇ ಬಂದು ಆಡಬೇಕಿತ್ತು.

ಬಂದು ಆಡುವುದಕ್ಕೆ ಎರಡು ಕಡೆಯೂ ಕಾರಣಗಳಿದ್ದವು. ದೊಡ್ಡವರಿಗೆ ನವೆಂಬರ್‌ನ ತಮ್ಮತಮ್ಮೊಳಗಿನ ಪಂದ್ಯಗಳೇ ಮುಖ್ಯ. ಅದಕ್ಕೆ ಮೊದಲು ಮೈ ಬಿಸಿ ಮಾಡಿಕೊಳ್ಳಲು ಯಾರಾದರೂ ಬೇಕು, ಅವರು ಬಹಳ ಕಷ್ಟ ಕೊಡಬಾರದು. ಸಣ್ಣವರಿಗೆ ಹಣ ಬೇಕು. ಆತಿಥೇಯ ಕಾಲೇಜು ಕೊಡುವ ಖಚಿತ ಮೊತ್ತ, ಇಲ್ಲವೇ ಟಿಕೆಟ್ ಸಂಗ್ರಹದ ಪಾಲು ಸಿಕ್ಕರೆ ರೈಲು ಖರ್ಚು ಕಳೆದು ವರ್ಷವಿಡೀ ತಂಡ ನಡೆಸಲು ಸಾಕಾಗುತ್ತಿತ್ತು.

ಈ ಹಣದ ಆಸೆ ಹುಡುಗರಿಂದ ಏನೆಲ್ಲ ಮಾಡಿಸಿತು ಎಂಬುದಕ್ಕೆ 1899ರ ಸೆವಾನಿ ತಂಡವೇ ಸಾಕ್ಷಿ. ಟೆನೆಸಿಯ ಬೆಟ್ಟದ ಮೇಲಿನ ಈ ಚರ್ಚ್ ಕಾಲೇಜಿಗೆ ನೆರೆಯ ವ್ಯಾಂಡರ್‌ಬಿಲ್ಟ್ ಜೊತೆ ಟಿಕೆಟ್ ಹಣದ ವಿಚಾರವಾಗಿ ಮನಸ್ತಾಪ ಬಂತು. ಆ ಪಂದ್ಯದ ಆದಾಯ ಕೈತಪ್ಪಿತು. ತಂಡದ ವಿದ್ಯಾರ್ಥಿ ಮ್ಯಾನೇಜರ್ ಲ್ಯೂಕ್ ಲೀ (ಮುಂದೆ ಇವರು ಅಮೆರಿಕದ ಸೆನೆಟರ್ ಆದರು) ನಷ್ಟ ತುಂಬಿಕೊಳ್ಳಲು ಹಾಕಿದ ಯೋಜನೆ ಇಂದು ಕೇಳಿದರೆ ಹುಚ್ಚುತನ ಎನಿಸುತ್ತದೆ. ನವೆಂಬರ್ 9ರಿಂದ 14ರವರೆಗೆ, ಆರು ದಿನಗಳಲ್ಲಿ ಐದು ಪಂದ್ಯ. ಆಸ್ಟಿನ್‌ನಲ್ಲಿ ಟೆಕ್ಸಾಸ್ ಎದುರು 12–0, ಮರುದಿನ ಹ್ಯೂಸ್ಟನ್‌ನಲ್ಲಿ ಟೆಕ್ಸಾಸ್ ಎ ಅಂಡ್ ಎಂ ಎದುರು 10–0, ಅದರ ಮರುದಿನ ನ್ಯೂ ಆರ್ಲಿಯನ್ಸ್‌ನಲ್ಲಿ ಟ್ಯುಲೇನ್ ಎದುರು 23–0. ಭಾನುವಾರ ದೇವರ ದಿನ, ಆಟವಿಲ್ಲ. ಸೋಮವಾರ ಎಲ್‌ಎಸ್‌ಯು ಎದುರು 34–0, ಮಂಗಳವಾರ ಮೆಂಫಿಸ್‌ನಲ್ಲಿ ಮಿಸಿಸಿಪಿ ಎದುರು 12–0. ಒಟ್ಟು ಸುಮಾರು 2,500 ಮೈಲಿ ರೈಲು ಪ್ರಯಾಣ. ಐವರಲ್ಲಿ ಒಬ್ಬರಿಗೂ ಒಂದೇ ಒಂದು ಅಂಕ ದಕ್ಕಲಿಲ್ಲ! ಆ ಋತುವಿನ ಹನ್ನೆರಡೂ ಪಂದ್ಯಗಳನ್ನು ಗೆದ್ದ ಸೆವಾನಿಯ ಎದುರು ಅಂಕ ಗಳಿಸಿದ್ದು ಆಬರ್ನ್ ಒಂದೇ. ಅದೂ 11–10ರಿಂದ ಸೋತಿತು.

ಎಲ್ಲ ಸಣ್ಣವರಿಗೂ ಆ ಭಾಗ್ಯ ಇರಲಿಲ್ಲ. ಅದೇ ಟೆನೆಸಿಯ ಕಂಬರ್‌ಲ್ಯಾಂಡ್ ಕಾಲೇಜು 1916ರಲ್ಲಿ ಫುಟ್‌ಬಾಲ್ ತಂಡವನ್ನೇ ವಿಸರ್ಜಿಸಿತ್ತು. ಆದರೆ ಜಾರ್ಜಿಯಾ ಟೆಕ್ ಜೊತೆ ಮೊದಲೇ ಆಗಿದ್ದ ಒಪ್ಪಂದ ಉಳಿದಿತ್ತು. ಬಾರದಿದ್ದರೆ 3,000 ಡಾಲರ್ ದಂಡ. ಬಂದರೆ 500 ಡಾಲರ್. ಟೆಕ್‌ನ ತರಬೇತುದಾರ ಜಾನ್ ಹೈಸ್‌ಮನ್ ಪಟ್ಟು ಬಿಡಲಿಲ್ಲ. ಅದಕ್ಕೆ ಹಿಂದೆ ಬೇಸ್‌ಬಾಲ್‌ನಲ್ಲಿ ಕಂಬರ್‌ಲ್ಯಾಂಡ್ ಅವರ ತಂಡವನ್ನು 22–0ರಿಂದ ಸೋಲಿಸಿದ್ದ ಸಿಟ್ಟೂ ಇತ್ತು. ಕಂಬರ್‌ಲ್ಯಾಂಡ್ ಕೈಗೆ ಸಿಕ್ಕ ವಿದ್ಯಾರ್ಥಿಗಳನ್ನು ಒಟ್ಟುಮಾಡಿ ಅಟ್ಲಾಂಟಾಕ್ಕೆ ಕಳಿಸಿತು. ಅರ್ಧ ವೇಳೆಗೆ 126–0. ದ್ವಿತೀಯಾರ್ಧದ ಅವಧಿಯನ್ನು ಮೊಟಕು ಮಾಡಿದರೂ ಪಂದ್ಯ ಮುಗಿದಾಗ 222–0. ಅಮೆರಿಕದ ಕಾಲೇಜು ಫುಟ್‌ಬಾಲ್‌ನ ಅತ್ಯುನ್ನತ ವೈಯಕ್ತಿಕ ಪ್ರಶಸ್ತಿಗೆ ಇಂದು ಇರುವುದು ಇದೇ ಹೈಸ್‌ಮನ್ ಹೆಸರು. ಸಣ್ಣವರ ಗೆಲುವುಗಳನ್ನು ಹಾಡಿ ಹೊಗಳುವವರು ಈ 222ನ್ನೂ ಪಕ್ಕದಲ್ಲಿಟ್ಟುಕೊಂಡರೆ ಒಳ್ಳೆಯದು.

ಕಾರ್ಲೈಲ್‌ನ ಹುಡುಗರು

ಸಣ್ಣ ತಂಡಗಳ ಪೈಕಿ ಎಲ್ಲಕ್ಕಿಂತ ವಿಶಿಷ್ಟವಾದದ್ದು ಕಾಲೇಜೇ ಅಲ್ಲ. ಪೆನ್ಸಿಲ್ವೇನಿಯದ ಕಾರ್ಲೈಲ್ ಇಂಡಿಯನ್ ಇಂಡಸ್ಟ್ರಿಯಲ್ ಸ್ಕೂಲ್ ಎಂಬುದು ಅಮೆರಿಕದ ಮೂಲನಿವಾಸಿಗಳ ಮಕ್ಕಳಿಗಾಗಿ ಸೇನಾಧಿಕಾರಿ ರಿಚರ್ಡ್ ಹೆನ್ರಿ ಪ್ರಾಟ್ 1879ರಲ್ಲಿ ಒಂದು ಹಳೆಯ ಸೈನಿಕ ನೆಲೆಯಲ್ಲಿ ತೆರೆದ ವಸತಿಶಾಲೆ. ಅರ್ಧ ದಿನ ಪಾಠ, ಅರ್ಧ ದಿನ ಬಡಗಿ, ಕಮ್ಮಾರ, ದರ್ಜಿ ಕೆಲಸ. ನೂರಾರು ಮೈಲಿ ದೂರದ ಹಾಡಿಗಳಿಂದ ತಂದ ಮಕ್ಕಳಿಗೆ ಮೊದಲು ಕೂದಲು ಕತ್ತರಿಸಿ, ಸಮವಸ್ತ್ರ ತೊಡಿಸಿ, ಹೊಸ ಇಂಗ್ಲಿಷ್ ಹೆಸರು ಕೊಡುತ್ತಿದ್ದರು. ತಾಯ್ನುಡಿ ಆಡಿದರೆ ಶಿಕ್ಷೆ. ಇಂಡಿಯನ್‌ನೊಳಗಿನ ಇಂಡಿಯನ್‌ತನವನ್ನು ಕೊಂದು ಮನುಷ್ಯನನ್ನು ಉಳಿಸುವುದೇ ತಮ್ಮ ಗುರಿ ಎಂದು ಪ್ರಾಟ್ 1892ರಲ್ಲಿ ಬಹಿರಂಗವಾಗಿಯೇ ಹೇಳಿದ್ದರು. ಅವರು ತಮ್ಮನ್ನು ಆ ಜನರ ಹಿತೈಷಿ ಎಂದೇ ನಂಬಿದ್ದರು ಎಂಬುದು ಈ ಕಥೆಯ ಇನ್ನೊಂದು ಕಹಿ.

ಹುಡುಗನೊಬ್ಬನ ಕಾಲು ಮುರಿದ ಮೇಲೆ ಪ್ರಾಟ್ ಫುಟ್‌ಬಾಲನ್ನು ನಿಷೇಧಿಸಿದ್ದರು. ವಿದ್ಯಾರ್ಥಿಗಳು ಬಂದು ಬೇಡಿಕೊಂಡಾಗ ಎರಡು ಷರತ್ತುಗಳ ಮೇಲೆ ಒಪ್ಪಿದರೆಂದು ಅವರೇ ಬರೆದುಕೊಂಡಿದ್ದಾರೆ. ಎದುರಾಳಿ ಹೊಡೆದರೂ ತಿರುಗಿ ಹೊಡೆಯಬಾರದು, ಕೆಲವೇ ವರ್ಷಗಳಲ್ಲಿ ದೇಶದ ಅತಿ ದೊಡ್ಡ ತಂಡವನ್ನು ಸೋಲಿಸಬೇಕು. ಕೈ ಎತ್ತಿದರೆ ‘ಕಾಡುಜನ’ ಎಂಬ ಪತ್ರಿಕೆಗಳ ಮಾತು ನಿಜವಾಗುತ್ತದೆ ಎಂಬ ಅಳುಕು ಮೊದಲ ಷರತ್ತಿನ ಹಿಂದಿತ್ತು.

ಕಾರ್ಲೈಲ್‌ಗೆ ದೊಡ್ಡ ಕ್ರೀಡಾಂಗಣ ಇರಲಿಲ್ಲ. ಮುಖ್ಯ ಪಂದ್ಯಗಳೆಲ್ಲ ಪರಸ್ಥಳದಲ್ಲೇ. 1896ರ ಒಂದೇ ಋತುವಿನಲ್ಲಿ ಪ್ರಿನ್ಸ್‌ಟನ್, ಯೇಲ್, ಹಾರ್ವರ್ಡ್, ಪೆನ್ಸಿಲ್ವೇನಿಯ ನಾಲ್ಕನ್ನೂ ಎದುರಿಸಿ ನಾಲ್ಕರಲ್ಲೂ ಸೋತರು. ಯೇಲ್ ಎದುರು ಗಳಿಸಿದ ಒಂದು ಟಚ್‌ಡೌನನ್ನು ರೆಫರಿ ಸೀಟಿ ಊದಿ ರದ್ದುಮಾಡಿದರು. ಆ ರೆಫರಿ ಯೇಲ್‌ನ ಹಳೆಯ ಆಟಗಾರ. ನೋಡಲು ಬಂದಿದ್ದ ನ್ಯೂಯಾರ್ಕ್ ಜನರೇ ಕೂಗಾಡಿದರು.

1899ರಲ್ಲಿ ತರಬೇತುದಾರರಾಗಿ ಬಂದ ಗ್ಲೆನ್ ‘ಪಾಪ್’ ವಾರ್ನರ್‌ಗೆ ಒಂದು ವಿಷಯ ಬೇಗ ಅರ್ಥವಾಯಿತು. ತಮ್ಮ ಹುಡುಗರು ತೂಕದಲ್ಲಿ ಕಡಿಮೆ, ವೇಗದಲ್ಲಿ ಹೆಚ್ಚು. ಗುದ್ದಾಟದಲ್ಲಿ ಗೆಲ್ಲಲಾಗದು, ಕಣ್ಣು ತಪ್ಪಿಸಿ ಗೆಲ್ಲಬಹುದು. 1903ರಲ್ಲಿ ಹಾರ್ವರ್ಡ್ ಎದುರಿನ ಪಂದ್ಯಕ್ಕೆ ಮೊದಲು ಒಬ್ಬ ಆಟಗಾರನ ಜರ್ಸಿಯ ಅಂಚಿಗೆ ಎಲಾಸ್ಟಿಕ್ ಹೊಲಿಸಿದರು. ದ್ವಿತೀಯಾರ್ಧದ ಆರಂಭದಲ್ಲಿ ಬಂದ ಚೆಂಡನ್ನು ಹಿಡಿದ ಜಿಮ್ಮಿ ಜಾನ್ಸನ್ ಸುತ್ತ ಎಲ್ಲರೂ ಗುಂಪುಗೂಡಿ, ಚೆಂಡನ್ನು ಚಾರ್ಲ್ಸ್ ಡಿಲನ್‌ರ ಬೆನ್ನಿನ ಮೇಲೆ ಜರ್ಸಿಯೊಳಗೆ ತುರುಕಿ ದಿಕ್ಕಾಪಾಲಾಗಿ ಓಡಿದರು. ಹಾರ್ವರ್ಡ್‌ನವರು ಸಿಕ್ಕಸಿಕ್ಕವರನ್ನು ಕೆಡಹಿ ಚೆಂಡು ಹುಡುಕುತ್ತಿದ್ದಾಗ ಡಿಲನ್ ಕೈ ಬೀಸಿಕೊಂಡು ಮೈದಾನದ ಆಚೆ ತುದಿ ತಲುಪಿದ್ದರು. ಪಂದ್ಯವನ್ನು ಮಾತ್ರ ಹಾರ್ವರ್ಡ್ 12–11ರಿಂದ ಗೆದ್ದಿತು. ಹಾರ್ವರ್ಡ್‌ನವರು ಇದು ಮೋಸ ಎಂದು ಗೊಣಗಿದರು, ಆದರೆ ಅದನ್ನು ತಡೆಯುವ ನಿಯಮ ಆಗ ಇರಲಿಲ್ಲ.

ಅಷ್ಟರಲ್ಲಿ ಆಟವೇ ಬದಲಾಗುವ ಕಾಲ ಬಂತು. ಮೈದಾನದಲ್ಲಿ ಆಟಗಾರರು ಸಾಯುತ್ತಿದ್ದರು. 1905ರ ಅಕ್ಟೋಬರ್‌ನಲ್ಲಿ ಅಧ್ಯಕ್ಷ ಥಿಯೊಡೋರ್ ರೂಸ್ವೆಲ್ಟ್ ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್ ಪ್ರತಿನಿಧಿಗಳನ್ನು ಶ್ವೇತಭವನಕ್ಕೆ ಕರೆಸಿ ಆಟವನ್ನು ಸರಿಪಡಿಸಿ ಎಂದರು. ಮೈದಾನವನ್ನು ಅಗಲಗೊಳಿಸಿದರೆ ಗುಂಪುಘರ್ಷಣೆ ತಪ್ಪುತ್ತದೆ ಎಂಬುದು ಕ್ಯಾಂಪ್ ಸಲಹೆ. ಆದರೆ ಹಾರ್ವರ್ಡ್ 1903ರಲ್ಲಷ್ಟೇ ಕಾಂಕ್ರೀಟ್ ಕ್ರೀಡಾಂಗಣ ಕಟ್ಟಿಸಿತ್ತು, ಅದರೊಳಗೆ ಅಗಲದ ಮೈದಾನ ಹಿಡಿಯುತ್ತಿರಲಿಲ್ಲ. ಕಾಂಕ್ರೀಟ್ ಒಡೆಯುವುದಕ್ಕಿಂತ ನಿಯಮ ಬದಲಿಸುವುದು ಸುಲಭ. ಹೀಗೆ 1906ರಲ್ಲಿ, ಚೆಂಡನ್ನು ಮುಂದಕ್ಕೆ ಎಸೆಯುವ ‘ಫಾರ್ವರ್ಡ್ ಪಾಸ್’ಗೆ ಅನುಮತಿ ಸಿಕ್ಕಿತು. ದೊಡ್ಡವರ ಕಟ್ಟಡ ಉಳಿಸಲು ಬಂದ ಈ ನಿಯಮವೇ ಸಣ್ಣವರ ಕೈಗೆ ಅಸ್ತ್ರವಾಯಿತು. ಹಾರ್ವರ್ಡ್, ಯೇಲ್‌ಗಳು ಪಾಸನ್ನು ಹೆಂಗಸರಾಟವೆಂಬಂತೆ ಕಂಡವು. ಕಾರ್ಲೈಲ್ ದಿನವಿಡೀ ಅದನ್ನೇ ಅಭ್ಯಾಸ ಮಾಡಿತು. 1907ರಲ್ಲಿ ಪೆನ್ಸಿಲ್ವೇನಿಯವನ್ನು 26–6ರಿಂದಲೂ ಹಾರ್ವರ್ಡನ್ನು 23–15ರಿಂದಲೂ ಸೋಲಿಸಿತು.

1913ರಲ್ಲಿ ಇಂಡಿಯಾನಾದ ಒಂದು ಸಣ್ಣ ಕ್ಯಾಥೊಲಿಕ್ ಕಾಲೇಜು ಇದೇ ಪಾಸ್ ಬಲದಿಂದ ಸೈನಿಕ ಅಕಾಡೆಮಿಯನ್ನು 35–13ರಿಂದ ಮಣಿಸಿ ದೇಶದ ಗಮನ ಸೆಳೆಯಿತು. ಅದರ ಹೆಸರು ನೋಟರ್ ಡೇಮ್. ಮುಂದೆ ಅದೇ ದೇಶದ ಮಹಾಶಕ್ತಿಗಳಲ್ಲಿ ಒಂದಾಯಿತು. ಪಾಸನ್ನು ಕಂಡುಹಿಡಿದದ್ದೇ ಆ ಕಾಲೇಜು ಎಂದು ಅಮೆರಿಕದಲ್ಲಿ ಈಗಲೂ ನಂಬುವವರಿದ್ದಾರೆ. ಆರು ವರ್ಷ ಮೊದಲೇ ಅದನ್ನು ಮಾಡಿ ತೋರಿಸಿದ್ದ ಕಾರ್ಲೈಲ್ ಹುಡುಗರಿಗೆ ಆ ಹೆಸರು ದಕ್ಕಲಿಲ್ಲ.

ಕಾರ್ಲೈಲ್‌ನ ಶಿಖರ 1911 ಮತ್ತು 1912. ಸ್ಯಾಕ್ ಅಂಡ್ ಫಾಕ್ಸ್ ಬುಡಕಟ್ಟಿನ ಜಿಮ್ ಥೋರ್ಪ್ ಆಗ ತಂಡದಲ್ಲಿದ್ದರು. 1911ರ ನವೆಂಬರ್ 11ರಂದು ಹಾರ್ವರ್ಡ್‌ನ ತರಬೇತುದಾರ ಪರ್ಸಿ ಹಾಟನ್ ತಮ್ಮ ಮೊದಲ ದರ್ಜೆಯ ಆಟಗಾರರನ್ನು ಬೆಂಚಿನ ಮೇಲೆ ಕೂರಿಸಿ ಎರಡನೆಯ ಸಾಲಿನವರನ್ನು ಇಳಿಸಿದರು. ಕಾರ್ಲೈಲ್‌ಗೆ ಇಷ್ಟು ಸಾಕು ಎಂಬ ಲೆಕ್ಕ. ಪೆಟ್ಟಾದ ಕಾಲಿಗೆ ಪಟ್ಟಿ ಸುತ್ತಿಕೊಂಡೇ ಆಡಿದ ಥೋರ್ಪ್ ನಾಲ್ಕು ಬಾರಿ ಚೆಂಡನ್ನು ಕಂಬಗಳ ನಡುವೆ ಒದ್ದರು, ಕೊನೆಯದಂತೂ ಹೆಚ್ಚುಕಡಿಮೆ ಮೈದಾನದ ನಡುವಿನಿಂದ. ತಡವಾಗಿ ಇಳಿದ ಮೊದಲ ದರ್ಜೆಯವರಿಂದಲೂ ಪಂದ್ಯ ಉಳಿಸಲಾಗಲಿಲ್ಲ. ಕಾರ್ಲೈಲ್ 18, ಹಾರ್ವರ್ಡ್ 15. ಮೋಹನ್ ಬಾಗಾನ್ ಗೆಲುವಿಗೆ ಆಗ ಇನ್ನೂ ನಾಲ್ಕು ತಿಂಗಳು ತುಂಬಿರಲಿಲ್ಲ.

ಮರುವರ್ಷ ಥೋರ್ಪ್ ಸ್ಟಾಕ್‌ಹೋಮ್ ಒಲಿಂಪಿಕ್ಸ್‌ನಲ್ಲಿ ಪೆಂಟಾಥ್ಲಾನ್, ಡೆಕಾಥ್ಲಾನ್ ಎರಡರಲ್ಲೂ ಚಿನ್ನ ಗೆದ್ದು ಬಂದರು. ನವೆಂಬರ್ 9ರಂದು ಕಾರ್ಲೈಲ್ ತಂಡ ವೆಸ್ಟ್ ಪಾಯಿಂಟ್‌ನ ಸೈನಿಕ ಅಕಾಡೆಮಿಗೆ ಹೋಯಿತು. ಸೇನೆ ವೂಂಡೆಡ್ ನೀ ಎಂಬಲ್ಲಿ ಲಕೋಟಾ ಗಂಡಸರು, ಹೆಂಗಸರು, ಮಕ್ಕಳನ್ನು ಗುಂಡಿಟ್ಟು ಕೊಂದು ಇಪ್ಪತ್ತೆರಡು ವರ್ಷ ಆಗಿರಲಿಲ್ಲ. ನಿಮ್ಮ ತಂದೆ–ತಾತಂದಿರ ಮೇಲೆ ಯುದ್ಧ ಮಾಡಿದವರ ಮಕ್ಕಳು ಇವರು ಎಂದು ವಾರ್ನರ್ ನೆನಪಿಸಿದರೆಂಬ ಕಥೆಯಿದೆ. ನೆನಪಿಸುವ ಅಗತ್ಯ ಇತ್ತೇ ಎಂಬುದು ಬೇರೆ ಮಾತು. ಓಜಿಬ್ವೆ ಬುಡಕಟ್ಟಿನ ಗಸ್ ವೆಲ್ಚ್ ತಂಡವನ್ನು ನಡೆಸಿದರು. ವಾರ್ನರ್ ಹೊಸದಾಗಿ ರೂಪಿಸಿದ್ದ ವ್ಯೂಹದ ಎದುರು ಸೈನಿಕ ವಿದ್ಯಾರ್ಥಿಗಳಿಗೆ ಯಾರು ಎತ್ತ ಓಡುತ್ತಾರೆಂದೇ ತಿಳಿಯಲಿಲ್ಲ. ಥೋರ್ಪ್‌ರನ್ನು ಇಬ್ಬರು ಸೇರಿ ಎರಡು ಕಡೆಯಿಂದ ಗುದ್ದಿ ಕೆಡಹುವ ಹಂಚಿಕೆ ಹಾಕಿದ್ದರಂತೆ. ಅವರು ತಟಕ್ಕನೆ ನಿಂತದ್ದರಿಂದ ಇಬ್ಬರೂ ಒಬ್ಬರಿಗೊಬ್ಬರು ಡಿಕ್ಕಿ ಹೊಡೆದರೆಂಬುದು ಬಹುಕಾಲ ಹೇಳಿಕೊಂಡು ಬಂದ ಸಂಗತಿ. ಆ ಇಬ್ಬರಲ್ಲಿ ಒಬ್ಬರು ಮುಂದೆ ಅಮೆರಿಕದ ಅಧ್ಯಕ್ಷರಾದ ಡ್ವೈಟ್ ಐಸೆನ್‌ಹೋವರ್. ಕಾರ್ಲೈಲ್ 27–6ರಿಂದ ಗೆದ್ದಿತು.

ಗೆದ್ದದ್ದರಿಂದ ಹುಡುಗರಿಗೆ ಸಿಕ್ಕಿದ್ದೇನು? 1913ರಲ್ಲಿ, ಥೋರ್ಪ್ ಹಿಂದೊಮ್ಮೆ ಬೇಸಿಗೆಯಲ್ಲಿ ಚಿಲ್ಲರೆ ಹಣಕ್ಕೆ ಬೇಸ್‌ಬಾಲ್ ಆಡಿದ್ದರೆಂಬ ಕಾರಣಕ್ಕೆ ಒಲಿಂಪಿಕ್ ಪದಕಗಳನ್ನು ಕಿತ್ತುಕೊಂಡರು. ಆ ವಿಷಯ ತಮಗೆ ಗೊತ್ತೇ ಇರಲಿಲ್ಲವೆಂದರು ವಾರ್ನರ್. 1982ರಲ್ಲಿ ಥೋರ್ಪ್ ಹೆಸರನ್ನು ಜಂಟಿ ವಿಜೇತರಾಗಿ ಮತ್ತೆ ಸೇರಿಸಲಾಯಿತು. ಏಕೈಕ ವಿಜೇತ ಎಂಬ ಮಾನ್ಯತೆ ಸಿಕ್ಕಿದ್ದು 2022ರಲ್ಲಿ, ಅವರು ಸತ್ತು 69 ವರ್ಷಗಳ ಮೇಲೆ. ಇತ್ತ ಪಂದ್ಯಗಳಿಂದ ಬಂದ ಹಣ, ಶಾಲೆಯ ಆಡಳಿತ ಕುರಿತು 1914ರಲ್ಲಿ ಅಮೆರಿಕದ ಸಂಸತ್ತು ವಿಚಾರಣೆ ನಡೆಸಿತು. ವಾರ್ನರ್ ಹೊರಟರು. 1918ರಲ್ಲಿ ಶಾಲೆಯೇ ಮುಚ್ಚಿತು. ಗೆದ್ದ ಪ್ರತಿ ಪಂದ್ಯವನ್ನೂ ಶಾಲೆ ತನ್ನ ಪದ್ಧತಿಯ ಜಾಹೀರಾತಾಗಿ ಬಳಸಿಕೊಂಡಿತ್ತು. ಆಟಗಾರರು ಗೆಲ್ಲುತ್ತಿದ್ದದ್ದು ಆ ಪದ್ಧತಿ ಅಳಿಸಲು ಹೊರಟಿದ್ದ ತಮ್ಮ ಜನರ ಹೆಸರಿನಲ್ಲಿ. ಅಲ್ಲಿಯೇ ತೀರಿಕೊಂಡ ಮಕ್ಕಳ ಸಮಾಧಿಗಳು ನೂರಕ್ಕೂ ಹೆಚ್ಚಿದ್ದವು. 2017ರಿಂದ ಕೆಲವು ಬುಡಕಟ್ಟುಗಳು ತಮ್ಮ ಮಕ್ಕಳ ಅಸ್ಥಿಯನ್ನು ಊರಿಗೆ ಒಯ್ಯತೊಡಗಿವೆ. 2024ರ ಡಿಸೆಂಬರ್‌ನಲ್ಲಿ ಆ ಸ್ಥಳವನ್ನು ರಾಷ್ಟ್ರೀಯ ಸ್ಮಾರಕವೆಂದು ಘೋಷಿಸಲಾಯಿತು.

ಚೆಂಡು ಒಯ್ಯಲು ಬಂದವರು

ಮತ್ತೆ ಡ್ಯಾನ್‌ವಿಲ್‌ಗೆ. ಸೆಂಟರ್ ಕಾಲೇಜು 1819ರಷ್ಟು ಹಳೆಯದು, ಆದರೆ ಕೆಂಟಕಿಯ ಹೊರಗೆ ಅದರ ಹೆಸರು ಕೇಳಿದವರು ಕಡಿಮೆ. ಅದರ ಅದೃಷ್ಟ ತಿರುಗಿದ್ದು ಹಳೆಯ ವಿದ್ಯಾರ್ಥಿ ರಾಬರ್ಟ್ ಮೈಯರ್ಸ್ ಅವರಿಂದ. ಟೆಕ್ಸಾಸ್‌ನ ಫೋರ್ಟ್ ವರ್ತ್‌ನ ಹೈಸ್ಕೂಲೊಂದರಲ್ಲಿ ತರಬೇತುದಾರರಾಗಿದ್ದ ಅವರು ಆಲ್ವಿನ್ ‘ಬೊ’ ಮ್ಯಾಕ್‌ಮಿಲಿನ್, ‘ರೆಡ್’ ವೀವರ್ ಮೊದಲಾದ ತಮ್ಮ ಹುಡುಗರನ್ನು ಒಬ್ಬೊಬ್ಬರನ್ನಾಗಿ ಸೆಂಟರ್‌ಗೆ ಕರೆತಂದರು. ಮ್ಯಾಕ್‌ಮಿಲಿನ್, ವೀವರ್ ಇಬ್ಬರಿಗೂ ಪ್ರವೇಶಕ್ಕೆ ಬೇಕಾದಷ್ಟು ಓದು ಇರಲಿಲ್ಲ, ಒಂದು ವರ್ಷ ಕೆಂಟಕಿಯ ಬೇರೊಂದು ಶಾಲೆಯಲ್ಲಿ ಕೂರಿಸಿ ಪಾಸು ಮಾಡಿಸಿದರು. ಊರ ಹುಡುಗರೇ ಕೂಡಿ ರಾಜಧಾನಿಯ ಪೈಲ್ವಾನರನ್ನು ಕೆಡಹಿದರು ಎಂದು ಹೇಳುವ ಕಥೆ ಹೀಗೆ ಅರ್ಧ ಮಾತ್ರ ನಿಜ. ಸಣ್ಣವರೂ ದೊಡ್ಡವರ ವಿದ್ಯೆಯನ್ನು ಸ್ವಲ್ಪಮಟ್ಟಿಗೆ ಕಲಿತಿದ್ದರು. ತರಬೇತುದಾರ ಚಾರ್ಲಿ ಮೊರಾನ್ ಬೇಸಿಗೆಯಲ್ಲಿ ವೃತ್ತಿಪರ ಬೇಸ್‌ಬಾಲ್‌ನ ಅಂಪೈರ್. ಪಂದ್ಯಕ್ಕೆ ಮೊದಲು ತಂಡ ಮೊಣಕಾಲೂರಿ ಪ್ರಾರ್ಥಿಸುತ್ತಿದ್ದುದರಿಂದ ‘ಪ್ರಾರ್ಥಿಸುವ ಕರ್ನಲ್‌ಗಳು’ ಎಂಬ ಹೆಸರು ಬಿತ್ತು, ಪತ್ರಿಕೆಗಳಿಗೆ ಅದು ಬಹಳ ರುಚಿಸಿತು.

1919ರಲ್ಲಿ ಸೆಂಟರ್ ಒಂದೂ ಪಂದ್ಯ ಸೋಲಲಿಲ್ಲ. ಕ್ಯಾಂಪ್ ತಮ್ಮ ಪಟ್ಟಿಯಲ್ಲಿ ಮ್ಯಾಕ್‌ಮಿಲಿನ್, ವೀವರ್ ಇಬ್ಬರಿಗೂ ಮೊದಲ ತಂಡದಲ್ಲೇ ಜಾಗ ಕೊಟ್ಟರು. ಅದಾದ ಮೇಲೆ ಹಾರ್ವರ್ಡ್‌ನಿಂದ ಆಹ್ವಾನ ಬಂತು. 1919 ಮತ್ತು 1920ರ ಎರಡು ಋತುಗಳಲ್ಲಿ ಹಾರ್ವರ್ಡ್ ಒಮ್ಮೆಯೂ ಸೋಲಲಿಲ್ಲ, ನಡುವೆ ಕ್ಯಾಲಿಫೋರ್ನಿಯಕ್ಕೆ ಹೋಗಿ ‘ರೋಸ್ ಬೌಲ್’ ಕೂಡ ಗೆದ್ದು ಬಂತು. 1920ರ ಅಕ್ಟೋಬರ್ 23ರಂದು ಸೆಂಟರ್ ಅರ್ಧ ವೇಳೆಗೆ 14–14 ಸಮನಾಗಿ ನಿಂತು ಬಾಸ್ಟನ್ ಜನರನ್ನು ಬೆರಗುಗೊಳಿಸಿತು. ಆದರೆ ಹಾರ್ವರ್ಡ್ ಬೆಂಚಿನಲ್ಲಿ ದಣಿಯದ ಆಟಗಾರರು ಸಾಲುಸಾಲಾಗಿದ್ದರು, ಸೆಂಟರ್‌ನಲ್ಲಿ ಬೆರಳೆಣಿಕೆಯಷ್ಟು. ಕೊನೆಗೆ 31–14. ಹಾರ್ವರ್ಡ್ ನಾಯಕ ಆರ್ನಲ್ಡ್ ಹಾರ್ವೀನ್ ಗೌರವಾರ್ಥವಾಗಿ ಪಂದ್ಯದ ಚೆಂಡನ್ನು ಮ್ಯಾಕ್‌ಮಿಲಿನ್‌ಗೆ ಕೊಡಲು ಬಂದರು. ಗೆದ್ದವರದೇ ಚೆಂಡು, ಮುಂದಿನ ವರ್ಷ ಬಂದು ಗೆದ್ದೇ ಒಯ್ಯುತ್ತೇವೆ ಎಂದು ಮ್ಯಾಕ್‌ಮಿಲಿನ್ ಬೇಡವೆಂದರು.

ಹೇಳಿದಂತೆ ಬಂದರು. ಮೊದಲರ್ಧದಲ್ಲಿ ಯಾರಿಗೂ ಅಂಕವಿಲ್ಲ. ಮೂರನೆಯ ಪಾದದಲ್ಲಿ ಚೆಂಡು ಹಾರ್ವರ್ಡ್ ಗೆರೆಯಿಂದ 32 ಗಜ ದೂರದಲ್ಲಿತ್ತು. ಮ್ಯಾಕ್‌ಮಿಲಿನ್ ಚೆಂಡು ಪಡೆದು ಬಲಕ್ಕೆ ಓಡಿ, ತಟ್ಟನೆ ತಿರುಗಿ ಅಡ್ಡಲಾಗಿ ಮೈದಾನ ಸೀಳಿಕೊಂಡು ಗೆರೆ ದಾಟಿದರು. ಹೆಚ್ಚುವರಿ ಅಂಕದ ಒದೆ ತಪ್ಪಿತು. 6–0. ಉಳಿದ ಹೊತ್ತನ್ನು ಹಾರ್ವರ್ಡ್ ದಾಳಿಯ ಎದುರು ಹಲ್ಲು ಕಚ್ಚಿ ಕಳೆದರು. ನೆರೆಯ ಮಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ವಿದ್ಯಾರ್ಥಿಗಳು ಪಂದ್ಯದುದ್ದಕ್ಕೂ ಸೆಂಟರ್ ಪರವಾಗಿ ಕೂಗಿದ್ದರು. ಹಾರ್ವರ್ಡ್ ಮೇಲಿನ ಅಕ್ಕಪಕ್ಕದವರ ಮತ್ಸರಕ್ಕೂ ಅಲ್ಲಿ ಒಂದು ಪಾಲಿತ್ತು. ಈ ಹೊತ್ತಿನಲ್ಲಿ ಕೆಂಟಕಿಯ ಗವರ್ನರ್ ಆಗಿರುವುದಕ್ಕಿಂತ ಬೊ ಮ್ಯಾಕ್‌ಮಿಲಿನ್ ಆಗಿರುವುದೇ ಮೇಲು ಎಂದು ಗವರ್ನರ್ ಎಡ್ವಿನ್ ಮಾರೊ ಹೇಳಿದರೆಂಬ ಮಾತು ಆ ಸೀಮೆಯಲ್ಲಿ ಇಂದಿಗೂ ಪ್ರಚಲಿತ.

ಅದೇ ಋತುವಿನ ಕೊನೆಯ ಪಂದ್ಯ 1922ರ ಜನವರಿ 2ರಂದು ಡಲ್ಲಾಸ್‌ನಲ್ಲಿ. ಈಗ ಸೆಂಟರ್ ದೊಡ್ಡ ಹೆಸರು, ಎದುರಾಳಿ ಟೆಕ್ಸಾಸ್ ಎ ಅಂಡ್ ಎಂ ಗೆಲ್ಲುವುದೆಂದು ಯಾರೂ ಎಣಿಸಿರಲಿಲ್ಲ. ಟೆಕ್ಸಾಸ್ ಆಟಗಾರರು ಒಬ್ಬರ ಹಿಂದೊಬ್ಬರು ಗಾಯಗೊಂಡು ಹೊರಬೀಳುತ್ತಿದ್ದಾಗ, ಪತ್ರಕರ್ತರ ಜಾಗದಲ್ಲಿದ್ದ ಕಿಂಗ್ ಗಿಲ್ ಎಂಬ ವಿದ್ಯಾರ್ಥಿಯನ್ನು ಕರೆದು ಜರ್ಸಿ ತೊಡಿಸಿ ಸಿದ್ಧವಾಗಿ ನಿಲ್ಲಿಸಿದರು. ಅವರನ್ನು ಆಡಿಸುವ ಪ್ರಸಂಗ ಬರಲಿಲ್ಲ, ಎ ಅಂಡ್ ಎಂ 22–14ರಿಂದ ಗೆದ್ದಿತು. ಆ ಕಾಲೇಜಿನ ವಿದ್ಯಾರ್ಥಿಗಳು ಪಂದ್ಯ ಮುಗಿಯುವವರೆಗೂ ಎದ್ದು ನಿಂತೇ ನೋಡುವ ‘ಹನ್ನೆರಡನೆಯ ಆಟಗಾರ’ ಸಂಪ್ರದಾಯದ ಮೂಲ ಇದು. ಹಾರ್ವರ್ಡನ್ನು ಸೋಲಿಸಿದ ತಂಡವನ್ನು ಸೋಲಿಸಿದ್ದು ಅವರ ಪಾಲಿಗೆ ದಂತಕಥೆಯಾಯಿತು.

ಚೆಕ್ ಬರೆದು ಸೋತವರು

ಆ ನಂತರದ ದಶಕಗಳಲ್ಲಿ ಸಣ್ಣ ಕಾಲೇಜುಗಳಿಗೆ ದೊಡ್ಡವರ ಜೊತೆ ಹೆಜ್ಜೆ ಹಾಕುವುದು ಕಷ್ಟವಾಯಿತು. ಸೆವಾನಿ 1930ರ ದಶಕದಲ್ಲಿ ದಕ್ಷಿಣದ ಬಲಾಢ್ಯರ ‘ಸೌತ್‌ಈಸ್ಟರ್ನ್ ಕಾನ್ಫರೆನ್ಸ್’ ಸ್ಥಾಪಕ ಸದಸ್ಯನಾಗಿ ಸೇರಿ, ಅದರಲ್ಲಿ ಒಂದೇ ಒಂದು ಪಂದ್ಯ ಗೆಲ್ಲದೆ 1940ರಲ್ಲಿ ಹೊರನಡೆಯಿತು. 1973ರಲ್ಲಿ ಕಾಲೇಜು ಕ್ರೀಡೆಗಳ ರಾಷ್ಟ್ರೀಯ ಸಂಸ್ಥೆ ಎನ್‌ಸಿಎಎ ಮೂರು ವಿಭಾಗಗಳನ್ನು ಮಾಡಿತು, 1978ರಲ್ಲಿ ಫುಟ್‌ಬಾಲ್‌ನ ಮೊದಲ ವಿಭಾಗವೂ ಎರಡಾಯಿತು. ಸೆಂಟರ್, ಸೆವಾನಿ ಎರಡೂ ಈಗ ಆಟಕ್ಕಾಗಿ ವಿದ್ಯಾರ್ಥಿವೇತನವೇ ಇಲ್ಲದ ಮೂರನೆಯ ವಿಭಾಗದಲ್ಲಿವೆ. ಟಿವಿ ಹಕ್ಕುಗಳ ಮೇಲೆ ಎನ್‌ಸಿಎಎಗಿದ್ದ ಹಿಡಿತವನ್ನು 1984ರಲ್ಲಿ ಸುಪ್ರೀಂ ಕೋರ್ಟ್ ಕಿತ್ತುಹಾಕಿದ ಮೇಲೆ ಹಣವೆಲ್ಲ ದೊಡ್ಡ ಒಕ್ಕೂಟಗಳ ಕಡೆಗೆ ಹರಿಯಿತು.

ಹಳೆಯ ವ್ಯವಹಾರ ಮಾತ್ರ ಉಳಿದುಕೊಂಡಿತು, ಮೊತ್ತ ದೊಡ್ಡದಾಯಿತು ಅಷ್ಟೆ. 2007ರ ಸೆಪ್ಟೆಂಬರ್ 1ರಂದು ಉತ್ತರ ಕ್ಯಾರೊಲಿನಾದ ಬೂನ್ ಎಂಬ ಬೆಟ್ಟದೂರಿನ ಅಪಲಾಚಿಯನ್ ಸ್ಟೇಟ್ ಕಾಲೇಜನ್ನು ಮಿಷಿಗನ್ ನಾಲ್ಕು ಲಕ್ಷ ಡಾಲರ್ ಕೊಟ್ಟು ಕರೆಸಿತು. ಮಿಷಿಗನ್ ಆಗ ದೇಶದ ಐದನೆಯ ಶ್ರೇಯಾಂಕದ ತಂಡ, ವಿದ್ಯಾರ್ಥಿವೇತನ ಪಡೆಯುವ 85 ಆಟಗಾರರನ್ನು ಇಟ್ಟುಕೊಳ್ಳಬಹುದಿತ್ತು. ಕೆಳದರ್ಜೆಯ ಅಪಲಾಚಿಯನ್‌ಗೆ 63ರ ಮಿತಿ. ಒಂದು ಲಕ್ಷ ಒಂಬತ್ತು ಸಾವಿರಕ್ಕೂ ಹೆಚ್ಚು ಪ್ರೇಕ್ಷಕರ ಎದುರು, ಕೊನೆಯ ಕ್ಷಣಗಳಲ್ಲಿ ಮಿಷಿಗನ್ ಒದ್ದ ಚೆಂಡನ್ನು ಕೋರಿ ಲಿಂಚ್ ಎದೆಯೊಡ್ಡಿ ತಡೆದಾಗ ಫಲಿತಾಂಶ 34–32. ಮೇಲ್ದರ್ಜೆಯ ತಂಡಗಳಿಗೇ ಮೀಸಲಾಗಿದ್ದ ತನ್ನ ಶ್ರೇಯಾಂಕ ಪಟ್ಟಿಯ ನಿಯಮವನ್ನು ಅಸೋಸಿಯೇಟೆಡ್ ಪ್ರೆಸ್ ಆ ವಾರವೇ ಸಡಿಲಿಸಬೇಕಾಯಿತು. ಅಪಲಾಚಿಯನ್ ಸ್ಟೇಟ್ ನಂತರ ಮೇಲ್ದರ್ಜೆಗೇ ಹೋಯಿತು. ಆಟಕ್ಕಾಗಿ ವಿದ್ಯಾರ್ಥಿವೇತನ ಕೊಡದ ಹಾರ್ವರ್ಡ್ ಇಂದು ಆಡುವುದು, ಅಪಲಾಚಿಯನ್ ಬಿಟ್ಟುಬಂದ ಆ ಕೆಳದರ್ಜೆಯಲ್ಲಿ!

2025ರ ಜುಲೈಯಿಂದ ಕಾಲೇಜುಗಳು ಆಟಗಾರರಿಗೆ ನೇರವಾಗಿ ಹಣ ಕೊಡಬಹುದು, ಮೊದಲ ವರ್ಷದ ಮಿತಿ ಸುಮಾರು 2.05 ಕೋಟಿ ಡಾಲರ್. ಅಷ್ಟು ಕೊಡುವ ಶಕ್ತಿ ಸಣ್ಣವರಿಗಿಲ್ಲ. ಸಣ್ಣ ಕಾಲೇಜಿನಲ್ಲಿ ಮಿಂಚಿದವನನ್ನು ಮರುವರ್ಷ ದೊಡ್ಡ ಕಾಲೇಜು ಎಳೆದುಕೊಳ್ಳುವುದೂ ಈಗ ಸುಲಭ. ಒಬ್ಬ ಮ್ಯಾಕ್‌ಮಿಲಿನ್ ಸೋತು, ಅದೇ ತಂಡದಲ್ಲೇ ಉಳಿದು, ಮತ್ತೊಮ್ಮೆ ಬರುತ್ತೇನೆ ಎನ್ನುವುದು ಇನ್ನು ಅಪರೂಪ.

ಆದರೂ 2024ರ ಸೆಪ್ಟೆಂಬರ್ 7ರಂದು, ಆಗಿನ್ನೂ ಈ ಹೊಸ ವ್ಯವಸ್ಥೆ ಪೂರ್ತಿ ಬಂದಿರಲಿಲ್ಲ, ನಾರ್ದರ್ನ್ ಇಲಿನಾಯ್ ಎಂಬ ತಂಡ 14 ಲಕ್ಷ ಡಾಲರ್ ಪಡೆದು ಇಂಡಿಯಾನಾಕ್ಕೆ ಹೋಗಿ, ಐದನೆಯ ಶ್ರೇಯಾಂಕದ ಆತಿಥೇಯರನ್ನು 16–14ರಿಂದ ಸೋಲಿಸಿತು. ಆತಿಥೇಯರು ಬೇರಾರೂ ಅಲ್ಲ, 1913ರ ಆ ಸಣ್ಣ ಕ್ಯಾಥೊಲಿಕ್ ಕಾಲೇಜು ನೋಟರ್ ಡೇಮ್. ಸೋತ ನೋಟರ್ ಡೇಮ್ ಚೇತರಿಸಿಕೊಂಡು ಆ ಋತುವಿನ ರಾಷ್ಟ್ರೀಯ ಫೈನಲ್‌ವರೆಗೂ ಹೋಯಿತು. ಗೆದ್ದ ನಾರ್ದರ್ನ್ ಇಲಿನಾಯ್ ಎರಡು ವಾರಗಳ ನಂತರ ತನ್ನ ಮುಂದಿನ ಪಂದ್ಯದಲ್ಲಿ ಬಫಲೊ ಎದುರು ಸೋತಿತು.